ನೀರುಗಂಟಿಯ ನಡತೆ ಪತ್ರ

ನಮ್ಮೂರಿನಲ್ಲಿ ಒಬ್ಬರ ನಡತೆ ಪತ್ರಕ್ಕೆ ಇನ್ನೊಬ್ಬರು ಸಹಿ ಹಾಕಿದರೆ, ಶಾಯಿ ಒಣಗುವಷ್ಟರಲ್ಲಿ ಪತ್ರ ಬೇಡಿದವರ ಒಂದು ಅಭ್ಯಾಸ ಸಹಿ ಹಾಕಿದವರಿಗೆ ಹೋಗಿಬಿಡುತ್ತದೆ. ಒಂದೇ ಒಂದು. ಯಾವುದು ಹೋಗುತ್ತದೆ ಅಂತ ಯಾರಿಗೂ ಮೊದಲೇ ಗೊತ್ತಾಗುವುದಿಲ್ಲ. ಹೋದ ಮೇಲೆ ಅದು ಪೂರ್ತಿ ಅವರದ್ದೇ, ಇವರಲ್ಲಿ ಒಂದು ಚೂರೂ ಉಳಿಯುವುದಿಲ್ಲ. ನಮ್ಮ ಹೈಸ್ಕೂಲಿನ ಹಳೆಯ ಹೆಡ್‌ಮಾಸ್ಟರು ಮೂವತ್ತು ವರ್ಷ ಮಕ್ಕಳ ಪತ್ರಗಳಿಗೆ ಸಹಿ ಹಾಕಿ ಹಾಕಿ, ಈಗ ಎಪ್ಪತ್ತರ ವಯಸ್ಸಿನಲ್ಲಿ ಉಗುರು ಕಚ್ಚುತ್ತಾರೆ, ತೋಳಿನಲ್ಲಿ ಮೂಗು ಒರೆಸುತ್ತಾರೆ, ಯಾರದ್ದಾದರೂ ಮನೆಯ ಕಾಂಪೌಂಡು ಕಂಡರೆ ಹತ್ತಿ ಕೂರುತ್ತಾರೆ. ಯಾರೂ ನಗುವುದಿಲ್ಲ. ಮೆಲ್ಲಗೆ ಇಳಿಸಿ ಮನೆಗೆ ಕಳಿಸುತ್ತೇವೆ. ಅವರ ಹತ್ತಿರ ಓದಿದ ಮಕ್ಕಳೆಲ್ಲ ಈಗ ಬಹಳ ಶಿಸ್ತಿನ ಜನ, ಮಾತನಾಡಿಸಲು ಬೇಜಾರಾಗುವಷ್ಟು.

ಹೀಗಾಗಿ ನಮ್ಮಲ್ಲಿ ದೊಡ್ಡ ಮನುಷ್ಯರ ಗುರುತು ಹಿಡಿಯುವುದು ಸುಲಭ. ಯಾರ ಮೈಮೇಲೆ ಹೆಚ್ಚು ಅಭ್ಯಾಸಗಳಿವೆಯೋ ಅವರೇ ದೊಡ್ಡವರು. ಸಹಿಗೆ ಬೆಲೆ ಇದ್ದದ್ದಕ್ಕೇ ತಾನೇ ಅಷ್ಟು ಜನ ಬಂದು ಹಾಕಿಸಿಕೊಂಡದ್ದು! ಮದುವೆಮನೆಗೆ ಬಂದವರು ಕೂರುವ ಮೊದಲು ಎರಡು ಸಲ ಚಪ್ಪಾಳೆ ತಟ್ಟಿ, ಅನ್ನವನ್ನು ಮೂಸಿ ನೋಡಿ, ನೀರು ಕುಡಿಯುವಾಗ ಒಂದು ಕಣ್ಣು ಮುಚ್ಚಿಕೊಂಡರೆ ಜನ ಎದ್ದು ನಿಂತು ಮೊದಲ ಪಂಕ್ತಿಯಲ್ಲಿ ಜಾಗ ಬಿಡುತ್ತಾರೆ. ಸಹಿ ಕೇಳುವವರೇ ಇಲ್ಲದ ಕೆಲವರು ಮಾನ ಉಳಿಸಿಕೊಳ್ಳಲು ಸುಮ್ಮಸುಮ್ಮನೆ ಕಿವಿ ಎಳೆದುಕೊಂಡು ಕೂರುವುದೂ ಉಂಟು. ಊರಿಗೆ ಗೊತ್ತಾಗದೆ ಇರುತ್ತದೆಯೇ? ಅಂಥವರಿಗೆ ಕೊನೆಯ ಪಂಕ್ತಿ, ತಣ್ಣಗಾದ ಸಾರು.

ನನ್ನ ಹೆಸರು ಸೋಮಲಿಂಗಪ್ಪ. ಪುರಸಭೆಯಲ್ಲಿ ನೀರುಗಂಟಿ. ಬೆಳಿಗ್ಗೆ ಆರಕ್ಕೆ ಕಬ್ಬಿಣದ ಉದ್ದ ಕೀಲಿ ಹೆಗಲ ಮೇಲಿಟ್ಟುಕೊಂಡು ಹೋಗಿ, ಬೀದಿ ಬೀದಿಯ ವಾಲ್ವ್ ತಿರುಗಿಸಿ ನೀರು ಬಿಡುವುದು, ಹೊತ್ತಾದ ಮೇಲೆ ನಿಲ್ಲಿಸುವುದು. ಹದಿನಾಲ್ಕು ವರ್ಷ ದಿನಗೂಲಿಯ ಮೇಲೆ ಇದೇ ಕೆಲಸ ಮಾಡಿದೆ. ನಾಲ್ಕು ತಿಂಗಳ ಹಿಂದೆ ಕೆಲಸ ಕಾಯಂ ಮಾಡುತ್ತೇವೆ ಅಂತ ನೋಟೀಸು ಅಂಟಿಸಿದರು. ಜೊತೆಗೆ ಒಂದು ಷರತ್ತು: ನೂರು ಅಭ್ಯಾಸ ದಾಟಿದ ಗಣ್ಯರೊಬ್ಬರಿಂದ ನಡತೆ ಪತ್ರ ತರಬೇಕು. ತಿಂಗಳ ಮೂವತ್ತನೇ ತಾರೀಕು ಸಾಯಂಕಾಲ ಐದರೊಳಗೆ ಪತ್ರ ಬರದಿದ್ದರೆ ಕೀಲಿಯನ್ನು ಬೇರೆಯವರಿಗೆ ಕೊಡಬೇಕು. ನನಗೆ ಆಗ ನಲವತ್ತೇಳು. ಆ ಕೀಲಿ ಬಿಟ್ಟರೆ ನನ್ನ ಕೈಗೆ ಬೇರೆ ಏನೂ ಗೊತ್ತಿರಲಿಲ್ಲ.

ಗಣ್ಯರಿಗೇನು ಬರವಿರಲಿಲ್ಲ. ತೊಂದರೆ ಇದ್ದದ್ದು ನನ್ನ ಬಾಯಿಯಲ್ಲಿ. ಕಂಡದ್ದನ್ನು ಕಂಡವರ ಮುಖಕ್ಕೇ ಹೇಳಿಬಿಡುವುದು ನನಗೆ ಚಿಕ್ಕಂದಿನಿಂದ ಬಂದ ಅಭ್ಯಾಸ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರು ಅಂತ ಗಾದೆಯೇ ಇದೆಯಲ್ಲ, ನನ್ನ ಎದೆಗೆ ಅಂಥ ಒದೆಗಳು ಬೇಕಾದಷ್ಟು ಬಿದ್ದಿವೆ. ಹೆಣ್ಣು ನೋಡಲು ಹೋದಾಗ ಮಲ್ಲಾಜಮ್ಮ ಒಂದು ಹಾಡು ಹೇಳಿದಳು. ನಮ್ಮ ಕಡೆಯವರೆಲ್ಲ ಆಹಾ ಅಂದರು. ನಾನು, "ಶ್ರುತಿ ಸೇರ್ಲಿಲ್ಲ. ಉಪ್ಪಿಟ್ಟು ಮಾತ್ರ ಬಹಳ ಚೆನ್ನಾಗಿದೆ" ಅಂದುಬಿಟ್ಟೆ. ನಮ್ಮಪ್ಪ ತಲೆ ಚಚ್ಚಿಕೊಂಡರು. ಅವಳು ಒಳಗಿನಿಂದಲೇ ಜೋರಾಗಿ ನಕ್ಕಳು. ಆಮೇಲೆ ಅವಳ ಅವ್ವನಿಗೆ ಹೇಳಿದಳಂತೆ, "ಈ ಮನುಷ್ಯ ಚೆನ್ನಾಗಿದೆ ಅಂದ್ರೆ ನಿಜವಾಗ್ಲೂ ಚೆನ್ನಾಗಿರುತ್ತೆ ಕಣವ್ವ. ನಂಗೆ ಇವರೇ ಆಗ್ಲಿ."

ವಾಲ್ವ್ ತಿರುಗಿಸುವ ಕೆಲಸಕ್ಕೂ ಆ ಬಾಯಿ ಬೇಕಾಗಿತ್ತು. ಊರು ಇಳಿಜಾರಿನಲ್ಲಿದೆ. ಮೇಲಿನ ಬೀದಿಯ ದೊಡ್ಡ ಮನೆಗಳವರು ನಲ್ಲಿಗೇ ಮೋಟಾರು ಸಿಕ್ಕಿಸಿ ಎಳೆದುಬಿಟ್ಟರೆ ಕೆಳಗಿನ ಬೀದಿಗೆ ಬರುವುದು ಬರೀ ಗಾಳಿ. ನಮ್ಮ ಮನೆಯೂ ಕೆಳಗಿನ ಬೀದಿಯಲ್ಲೇ. ಮೋಟಾರಿನ ಗುರ್ ಸದ್ದು ಕೇಳಿದ ತಕ್ಷಣ ನಾನು ಆ ಮನೆ ಬಾಗಿಲಿಗೆ ಹೋಗಿ, "ಸ್ವಾಮಿ, ನಿಮ್ಮನೇಲಿ ಇರೋದು ನಾಲ್ಕು ಜನ. ಆನೆ ಸಾಕಿದೀರಾ?" ಅನ್ನುತ್ತಿದ್ದೆ. ಬೀದಿಯವರೆಲ್ಲ ಕಿಟಕಿಯಲ್ಲಿ ನಿಂತು ಕೇಳುತ್ತಿದ್ದರು. ಮೋಟಾರು ನಿಲ್ಲುತ್ತಿತ್ತು. ಕೆಳಗೆ ನೀರು ಬರುತ್ತಿತ್ತು. ಆದರೆ ಹಾಗೆ ಅನ್ನಿಸಿಕೊಂಡವರೇ ಊರಿನ ಗಣ್ಯರು. ಅವರಲ್ಲಿ ಯಾರ ಹತ್ತಿರ ಹೋಗಿ ಕಾಗದ ಚಾಚಲಿ? ನನಗೆ ಪತ್ರ ಕೊಟ್ಟರೆ ಈ ಬಾಯಿ ತಮಗೆ ಅಂಟೀತು ಅನ್ನುವ ಭಯ ಬೇರೆ.

ಉಳಿದವನು ವೃಷಭೇಂದ್ರಪ್ಪ ಒಬ್ಬನೇ. ಪುರಸಭೆಯ ಅಧ್ಯಕ್ಷ, ನೂರಾ ಮೂವತ್ತೇಳು ಅಭ್ಯಾಸಗಳ ಒಡೆಯ, ಮತ್ತು ಒಂದನೇ ತರಗತಿಯಿಂದ ನನ್ನ ಸ್ನೇಹಿತ. ಊರಿನಲ್ಲಿ ಅವನನ್ನು ಬರೀ ವೃಷಭ ಅಂತ ಕರೆಯುವವನು ನಾನೊಬ್ಬನೇ. ಚಿಕ್ಕವನಿದ್ದಾಗ ಅವನಿಗೆ ಒಂದು ಅಭ್ಯಾಸವಿತ್ತು: ಸೀಬೆಕಾಯಿ ಸಿಕ್ಕರೆ ಎರಡು ಹೋಳು ಮಾಡಿ, ದೊಡ್ಡ ಹೋಳನ್ನು ನನಗೆ ಕೊಡುತ್ತಿದ್ದ. ಯೋಚನೆ ಮಾಡಿ ಕೊಡುತ್ತಿದ್ದದ್ದಲ್ಲ, ಕೈ ತಾನಾಗಿ ಹಾಗೆ ಚಾಚುತ್ತಿತ್ತು. ಇಪ್ಪತ್ತೆರಡನೇ ವಯಸ್ಸಿನಲ್ಲಿ ಕಂಟ್ರಾಕ್ಟು ಲೈಸೆನ್ಸಿಗೆ ಅಂತ ಹಳೆಯ ಪಟೇಲರಿಂದ ನಡತೆ ಪತ್ರ ಬರೆಸಿಕೊಂಡ. ಆ ಅಭ್ಯಾಸ ಪಟೇಲರಿಗೆ ಹೋಯಿತು. ಪಾಪ, ಅವರು ಸಾಯುವ ತನಕ ಸಿಕ್ಕಿದ್ದರಲ್ಲೆಲ್ಲ ದೊಡ್ಡ ಪಾಲನ್ನು ಬೇರೆಯವರಿಗೆ ಕೊಡುತ್ತಿದ್ದರು. ಮಕ್ಕಳು ಅವರಿಗೆ ಬುದ್ಧಿ ಕೆಟ್ಟಿದೆ ಅಂತ ಮೂರು ಕಡೆ ತೋರಿಸಿದರು. ವೃಷಭ ಮಾತ್ರ ಆ ಪತ್ರ ಕೈಗೆ ಬಂದ ದಿನದಿಂದ ಒಂದೇ ಸಮನೆ ಏಳಿಗೆ ಹೊಂದುತ್ತ ಹೋದ.

ಅವನ ಮನೆಗೆ ಹೋದೆ. ಅವನು ಎರಡು ಸಲ ಚಪ್ಪಾಳೆ ತಟ್ಟಿ ಕೂತ. ಅದು ದನದ ಡಾಕ್ಟರದ್ದು. ಶರ್ಟಿನ ಕಾಲರು ಎಳೆದುಕೊಂಡ, ಅದು ಟೈಲರದ್ದು. ಕೈಯನ್ನು ಸೋಫಾಕ್ಕೆ ಒರೆಸಿದ, ಅದು ಸೈಕಲ್ ಶಾಪಿನವನದ್ದು. ಇಷ್ಟರ ಮಧ್ಯೆ ನನ್ನ ಸ್ನೇಹಿತ ಎಲ್ಲಿದ್ದಾನೆ ಅಂತ ಹುಡುಕಿಕೊಂಡು ಮಾತನಾಡಬೇಕು.

"ಸೋಮ, ನಿಂಗಲ್ಲದೆ ಇನ್ಯಾರಿಗೆ ಮಾಡ್ಲೋ? ನೀನು ನಮ್ಮೋನು," ಅಂದ. ಆಮೇಲೆ ಗಲ್ಲ ಕೆರೆದುಕೊಂಡ. "ಆದ್ರೆ ನಿನ್ನ ಆ ಬಾಯಿ. ಅದೇನಾದ್ರೂ ನಂಗೆ ಬಂದ್ರೆ ನಾನು ಅಧ್ಯಕ್ಷ ಆಗಿ ಒಂದು ವಾರ ಇರ್ತೀನೇನೋ?"

"ಇರಲ್ಲ," ಅಂದೆ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ.

"ನೋಡು, ನೋಡು! ಇದೇ!" ಅಂತ ಅವನು ಹೌಹಾರಿದ. ಆಮೇಲೆ ತನ್ನ ಬಾಮೈದ ಚಂದ್ರಮೌಳಿಯನ್ನು ಕರೆದ. ಈ ಚಂದ್ರಮೌಳಿಯೇ ಅವನ ಆಪ್ತ ಸಹಾಯಕ. ಪತ್ರ ಕೇಳಿ ಬಂದವರನ್ನು ಮನೆ ಮುಂದಿನ ಬೆಂಚಿನ ಮೇಲೆ ಕೂರಿಸಿ, ಅವರ ಅಭ್ಯಾಸಗಳನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದುಕೊಂಡು ಭಾವನಿಗೆ ವರದಿ ಕೊಡುವುದು ಅವನ ಕೆಲಸ. "ಒಂದಷ್ಟು ದಿನ ಬಂದು ಕೂತಿರಲಿ. ಮುಖಕ್ಕೆ ಹೇಳೋದು ಬಿಟ್ಟಿದಾನೆ ಅಂತ ನಿಂಗೆ ಅನ್ನಿಸಿದ್ರೆ ಸಹಿ ಹಾಕೋಣ," ಅಂದ ವೃಷಭ. ಮೂವತ್ತನೇ ತಾರೀಕಿಗೆ ಇನ್ನು ಹನ್ನೊಂದು ದಿನವಿತ್ತು.

ನಮ್ಮೂರಿನಲ್ಲಿ ಇಂಥ ಸಂದರ್ಭಕ್ಕೆ ಜನ ಒಂದು ಉಪಾಯ ಮಾಡುತ್ತಾರೆ. ಪತ್ರಕ್ಕೆ ಮೊದಲು ಒಂದು ಲಕ್ಷಣವಾದ ಸಣ್ಣ ಅಭ್ಯಾಸ ಕಲಿತುಕೊಳ್ಳುವುದು. ಹೋದರೆ ಅದು ಹೋಗಲಿ, ದೊಡ್ಡವರಿಗೂ ತೊಂದರೆಯಿಲ್ಲ, ನಮಗೂ ನಷ್ಟವಿಲ್ಲ. ಮಲ್ಲಾಜಮ್ಮ ನನಗೆ ಟವಲು ಮಡಿಸುವುದನ್ನು ಹಚ್ಚಿದಳು. ಮುಖ ಒರೆಸಿದ ಕೂಡಲೇ ಟವಲನ್ನು ಕೊಡವಿ, ಅಂಚಿಗೆ ಅಂಚು ಸೇರಿಸಿ, ನಾಲ್ಕಾಗಿ ಮಡಿಸಿ ಎಡ ಹೆಗಲಿಗೆ ಹಾಕಿಕೊಳ್ಳಬೇಕು. "ದಿನಕ್ಕೆ ನೂರು ಸಲ ಮಡಿಸಿ. ಆಗ ಅದು ನಿಮ್ಮದೇ ಆಗುತ್ತೆ," ಅಂದಳು. ಮಡಿಸಿದೆ. ಮೂರನೇ ದಿನಕ್ಕೆ ಕೈ ತಾನಾಗಿ ಮಡಿಸತೊಡಗಿತು.

ಬೆಳಿಗ್ಗೆ ನೀರು ಬಿಟ್ಟು ಮುಗಿಸಿ, ಹತ್ತು ಗಂಟೆಗೆ ಹೋಗಿ ಬೆಂಚಿನ ಮೇಲೆ ಕೂತರೆ ಸಾಯಂಕಾಲ ಐದಕ್ಕೆ ಏಳುವುದು. ಎದುರಿಗೆ ಕುರ್ಚಿಯಲ್ಲಿ ಚಂದ್ರಮೌಳಿ. ನಾನು ಕಾಲು ಅಲ್ಲಾಡಿಸಿದರೆ ಪುಸ್ತಕದಲ್ಲಿ ಒಂದು ಸಾಲು. ಕೆಮ್ಮಿದರೆ ಒಂದು ಸಾಲು. ಉಸಿರಾಡುವುದನ್ನೂ ಬರೆದುಕೊಳ್ಳುತ್ತಾನೇನೋ ಅಂತ ಮೊದಲ ದಿನ ಮೂಗಿನ ತುದಿಯಲ್ಲಿ ಉಸಿರಾಡಿದೆ. ಬೆಂಚಿನ ಮೇಲೆ ಇನ್ನೂ ನಾಲ್ಕೈದು ಜನ ಇರುತ್ತಿದ್ದರು. ಎಲ್ಲರೂ ಕೈಕಾಲು ಕಟ್ಟಿದವರ ಹಾಗೆ ಕೂತು, ತಾವು ಕಲಿತುಬಂದ ಅಭ್ಯಾಸವನ್ನು ಆಗಾಗ ತೋರಿಸುವುದು. ಒಬ್ಬ ಕೊಡೆ ಬಿಚ್ಚಿ ಮುಚ್ಚುತ್ತಿದ್ದ. ಒಬ್ಬಾಕೆ ಗೋಡೆಗೆ ಒಂದು ನಮಸ್ಕಾರ ಹಾಕುತ್ತಿದ್ದಳು. ನಾನು ಟವಲು ಮಡಿಸುತ್ತಿದ್ದೆ. ಹೊರಗಿನವರು ಕಂಡಿದ್ದರೆ ಹುಚ್ಚಾಸ್ಪತ್ರೆ ಅಂದುಕೊಳ್ಳುತ್ತಿದ್ದರು.

ಬಾಯಿ ಮುಚ್ಚಿಕೊಂಡಿರುವುದು ಎಷ್ಟು ಕಷ್ಟ ಅಂತ ಆ ಹನ್ನೊಂದು ದಿನದಲ್ಲಿ ಗೊತ್ತಾಯಿತು. ಚಂದ್ರಮೌಳಿ ಮಹಾ ಕಿಲಾಡಿ. ಎರಡನೇ ದಿನ ತಾನು ಬರೆದ ಪದ್ಯ ಓದಿದ. ಭಾವನ ಗುಣಗಾನ, ನಲವತ್ತು ಸಾಲು. ಓದಿ ಮುಗಿಸಿ ನನ್ನ ಮುಖವನ್ನೇ ನೋಡಿದ. "ಹೇಗಿದೆ ಸೋಮಲಿಂಗಪ್ಪೋರೆ?" ನಾನು ಟವಲು ಮಡಿಸಿದೆ. ನಾಲ್ಕನೇ ದಿನ ಅಧ್ಯಕ್ಷರ ಮನೆಯಿಂದ ಎಲ್ಲರಿಗೂ ಕೇಸರಿಭಾತು ಬಂತು. ಸಕ್ಕರೆಯ ಬದಲು ಉಪ್ಪು ಬಿದ್ದಿತ್ತು. ಬೇಕು ಅಂತಲೇ ಹಾಕಿಸಿದ್ದು ಅಂತ ಈಗ ಅನ್ನಿಸುತ್ತದೆ. ಕೊಡೆಯವನು ಕಣ್ಣಲ್ಲಿ ನೀರು ತುಂಬಿಕೊಂಡು, "ದೇವಸ್ಥಾನದ ಪ್ರಸಾದ ಇದ್ದಂಗಿದೆ" ಅಂದ. ನಾನು ತಿಂದೆ. ತಿಂದು ಟವಲು ಮಡಿಸಿದೆ. ಏಳನೇ ದಿನ, ಅದೇ ಮನೆಯ ಹಿತ್ತಲಿನಿಂದ ಗುರ್ ಅಂತ ಮೋಟಾರಿನ ಸದ್ದು ಕೇಳಿಸಿತು. ನೀರಿನ ಹೊತ್ತು ಮುಗಿದ ಮೇಲೆ ಪೈಪಿನಲ್ಲಿ ಉಳಿದದ್ದನ್ನೂ ಹೀರುತ್ತಿದ್ದರು. ನನ್ನ ನಾಲಿಗೆ ಹಲ್ಲಿನ ತನಕ ಬಂತು. ಚಂದ್ರಮೌಳಿ ಪೆನ್ನು ಹಿಡಿದು ಕಾದ. ನಾನು ಎಷ್ಟು ಬಿಗಿಯಾಗಿ ಟವಲು ಮಡಿಸಿದೆನೆಂದರೆ ಅಂಚು ಹರಿಯಿತು.

"ಕೂತ್ಕೊಂಡು ಕೂತ್ಕೊಂಡು ನಿಮ್ಮ ಮುಖಾನೇ ಬೆಂಚಾಗಿದೆ," ಅಂದಳು ಮಲ್ಲಾಜಮ್ಮ. ಅವಳೇ ಟವಲು ಕಲಿಸಿದವಳು, ಅವಳಿಗೇ ಭಯ ಹತ್ತಿತ್ತು. "ಹೋಗೋದು ಟವಲೇ ಹೋಗ್ಲಿ ಅಂತ ಮೈಲಾರನಿಗೆ ಹರಸಿಕೊಂಡಿದೀನಿ. ಅಲ್ಲಾರೀ, ಅಕಸ್ಮಾತ್ ಬಾಯೇ ಹೋದ್ರೆ?"

"ಹೋದ್ರೆ ಹೋಗುತ್ತೆ. ಅದರಿಂದ ಏನು ಸುಖ ಕಂಡಿದೀವಿ?" ಅಂದೆ.

ಅವಳು ಮುಸುರೆ ಪಾತ್ರೆಗಳನ್ನು ಬೇಕಿದ್ದಕ್ಕಿಂತ ಜೋರಾಗಿ ಉಜ್ಜಿದಳು.

ಹೀಗೆ ದಿನಗಳು ಹೋದವು. ಪ್ರತಿದಿನ ಸಾಯಂಕಾಲ ವೃಷಭ ಕಾರು ಹತ್ತುವಾಗ, "ಆಯ್ತು ಸೋಮ, ಆಯ್ತು. ನಾಳೆ ನೋಡೋಣ" ಅನ್ನುತ್ತಿದ್ದ. ಇಪ್ಪತ್ತೆಂಟಕ್ಕೂ ನಾಳೆ, ಇಪ್ಪತ್ತೊಂಬತ್ತಕ್ಕೂ ನಾಳೆ. ಪುರಸಭೆಯಲ್ಲಿ ನನ್ನ ಕೀಲಿ ಹಿಡಿಯಲು ಆಗಲೇ ಒಬ್ಬ ಬಂದು, ಅದರ ಭಾರ ಎಷ್ಟಿದೆ ಅಂತ ಎತ್ತಿ ನೋಡಿ ಹೋಗಿದ್ದ. ಇಪ್ಪತ್ತೊಂಬತ್ತರ ಸಾಯಂಕಾಲ ಚಂದ್ರಮೌಳಿ ತನ್ನ ಪುಸ್ತಕ ಮುಚ್ಚಿ, "ಭಾವಂಗೆ ವರದಿ ಕೊಟ್ಟಿದೀನಿ. ನಿಮ್ಮಲ್ಲಿ ಟವಲು ಬಿಟ್ರೆ ಬೇರೆ ಏನೂ ಇಲ್ಲ. ಒಳ್ಳೇ ನಡತೆ," ಅಂದ. ಹನ್ನೊಂದು ದಿನ ಬೆಕ್ಕನ್ನು ಕಟ್ಟಿಹಾಕಿ ಕೂರಿಸಿ, ಇದು ಹಾಲು ಕುಡಿಯುವುದಿಲ್ಲ ಅಂತ ಬರೆದುಕೊಟ್ಟ ಪುಣ್ಯಾತ್ಮ. ನಮ್ಮೂರಿನಲ್ಲಿ ಎಲ್ಲ ವರದಿಗಳೂ ಹೀಗೆಯೇ ತಯಾರಾಗುವುದು. ವೃಷಭನಿಗೂ ಆಸೆ ಹುಟ್ಟಿತ್ತಂತೆ. ಅವನ ನೂರಾ ಮೂವತ್ತೇಳರಲ್ಲಿ ನೋಡಲು ಲಕ್ಷಣವಾದದ್ದು ಒಂದೂ ಇರಲಿಲ್ಲ. ಸಭೆಯಲ್ಲಿ ಟವಲನ್ನು ನಾಲ್ಕಾಗಿ ಮಡಿಸಿ ಹೆಗಲಿಗೆ ಹಾಕಿಕೊಂಡರೆ ಎಷ್ಟು ಗಾಂಭೀರ್ಯ ಅಂತ ಅವನಿಗೆ ಅನ್ನಿಸಿದೆ.

ಮೂವತ್ತನೇ ತಾರೀಕು ಬೆಂಚಿಗೆ ಹೋಗಲಿಲ್ಲ. ಬರುವುದಾದರೆ ಮನೆಗೇ ಬರುತ್ತದೆ, ಕಳಿಸುತ್ತೇವೆ ಅಂದಿದ್ದರು. ಹನ್ನೆರಡಾಯಿತು, ಒಂದಾಯಿತು. ಬೀದಿಯಲ್ಲಿ ಸೈಕಲ್ ಬೆಲ್ಲು ಕೇಳಿದಾಗಲೆಲ್ಲ ನಾನು ಬಾಗಿಲಿಗೆ ಹೋಗಿ ಬರುತ್ತಿದ್ದೆ. ಮಲ್ಲಾಜಮ್ಮ ಬಲವಂತ ಮಾಡಿ ತಟ್ಟೆ ಹಾಕಿದಳು. ಅವಳ ಕೈ ಅಂದು ನೆಟ್ಟಗಿರಲಿಲ್ಲ. ಹುರುಳಿ ಸಾರಿಗೆ ಹುಣಿಸೆಹಣ್ಣು ಹೇಗೆ ಸುರಿದಿದ್ದಳೆಂದರೆ ಮೊದಲ ತುತ್ತಿಗೇ ನನ್ನ ಕಿವಿಯ ಹಿಂದೆ ಜುಮ್ಮೆಂದಿತು. ಇಪ್ಪತ್ತಮೂರು ವರ್ಷದಲ್ಲಿ ಇಷ್ಟು ಕೆಟ್ಟ ಸಾರು ಅವಳು ಮಾಡಿರಲಿಲ್ಲ. ಹೇಳಲು ಬಾಯಿ ತೆರೆದೆ.

"ಸಾರು ತುಂಬ ಚೆನ್ನಾಗಿದೆ," ಅಂದೆ.

ಅವಳು ಬಡಿಸುತ್ತಿದ್ದ ಸೌಟು ಅಲ್ಲೇ ನಿಂತಿತು. ನನ್ನನ್ನು ನೋಡಿದಳು. ಒಂದು ಹನಿ ಸಾರನ್ನು ಅಂಗೈಗೆ ಹಾಕಿ ನೆಕ್ಕಿ ನೋಡಿದಳು. ಗಡಿಯಾರ ನೋಡಿದಳು. ಒಂದೂವರೆ.

"ಸಹಿ ಬಿತ್ತು," ಅಂದಳು.

ನಾನು ಇನ್ನೊಮ್ಮೆ ಪ್ರಯತ್ನ ಮಾಡಿದೆ. ಹುಳಿ ಅನ್ನುವ ಮಾತು ಗಂಟಲ ತನಕ ಬರುತ್ತದೆ, ಅವಳ ಮುಖ ಕಂಡ ಕೂಡಲೇ ತಿರುಗಿ ಸಿಹಿಯಾಗಿಬಿಡುತ್ತದೆ. "ಹಿತವಾಗಿದೆ ಕಣೆ. ಇನ್ನೊಂದು ಸೌಟು ಹಾಕು," ಅಂದೆ. ಅವಳು ಸೌಟನ್ನು ಪಾತ್ರೆಗೆ ಬಿಟ್ಟು ಗೋಡೆ ಕಡೆ ತಿರುಗಿ ಕೂತಳು. ಅತ್ತಳು. ಮೂರು ಗಂಟೆಗೆ ಪತ್ರ ಬಂತು. ಸೋಮಲಿಂಗಪ್ಪನವರು ಸದ್ಗುಣಿಗಳು, ಮಿತಭಾಷಿಗಳು ಅಂತ ಬರೆದಿತ್ತು. ನಾಲ್ಕಕ್ಕೆ ನಾನು ಅದನ್ನು ಪುರಸಭೆಗೆ ಕೊಟ್ಟು ಕಾಯಂ ಆದೆ. ಬರುವಾಗ ಅವಳಿಗೆ ಅಂತ ಮೈಸೂರುಪಾಕು ತಂದೆ. ಅವಳು ಒಂದು ತುಂಡು ತಿಂದು, "ಚೆನ್ನಾಗಿದೆಯಾ?" ಅಂತ ನನ್ನನ್ನೇ ಕೇಳಿದಳು. ಚೆನ್ನಾಗಿದೆ ಅಂದೆ. ಅದು ನಿಜವಾಗಿಯೂ ಚೆನ್ನಾಗಿತ್ತು, ಆದರೆ ಅವಳು ನಂಬಲಿಲ್ಲ.

ಇಷ್ಟೆಲ್ಲ ಕಡ್ಡಿ ಮುರಿದ ಹಾಗೆ ಹೇಗೆ ಬರೆಯುತ್ತಿದ್ದೀಯ ಅಂತ ನೀವು ಕೇಳಬಹುದು. ಬರೆಯುವುದಕ್ಕೆ ಅಡ್ಡಿಯಿಲ್ಲ. ಹೋಗಿರುವುದು ಮುಖಕ್ಕೆ ಹೇಳುವ ಅಭ್ಯಾಸ, ಕಾಗದಕ್ಕೆ ಮುಖ ಎಲ್ಲಿದೆ?

ಕಾಯಂ ಆದ ಮೇಲೆ ಊರು ನನ್ನನ್ನು ನೋಡುವ ರೀತಿಯೇ ಬದಲಾಯಿತು. ಮೇಲಿನ ಬೀದಿಯವರು ಕರೆದು ಕಾಫಿ ಕೊಡುತ್ತಾರೆ. ಗುರ್ ಸದ್ದು ಕೇಳಿಸುತ್ತದೆ. ನಾನು ಬಾಗಿಲಿಗೆ ಹೋಗುತ್ತೇನೆ, ಯಜಮಾನರ ಮುಖ ಕಾಣುತ್ತದೆ, "ಆರೋಗ್ಯ ಹೇಗಿದೆ ಸ್ವಾಮಿ?" ಅಂತ ಕೇಳಿ ಬರುತ್ತೇನೆ. ಕೆಳಗಿನ ಬೀದಿಗೆ ಮೊದಲ ತಿಂಗಳು ನೀರು ಬೆರಳು ಗಾತ್ರ ಬಂತು, ಎರಡನೇ ತಿಂಗಳು ದಾರದ ಹಾಗೆ, ಆಮೇಲೆ ಇಲ್ಲ. ಬೀದಿಯ ಹೆಂಗಸರು ನಮ್ಮ ಮನೆ ಮುಂದೆ ಖಾಲಿ ಕೊಡ ಸಾಲಾಗಿ ಇಟ್ಟು ಹೋದರು. ಮಲ್ಲಾಜಮ್ಮ ಆ ಸಾಲಿನ ಕೊನೆಯಲ್ಲಿ ತನ್ನ ಕೊಡವನ್ನೂ ಇಟ್ಟಳು. ನೀರುಗಂಟಿಯ ಹೆಂಡತಿ ಈಗ ಮೇಲಿನ ಬೀದಿಗೆ ಹೋಗಿ, ಆ ಮನೆಗಳ ಹಿತ್ತಲಲ್ಲಿ ನಿಂತು, ಒಂದು ಕೊಡ ಬೇಡಿ ಹೊತ್ತು ತರುತ್ತಾಳೆ. ನನಗೆ ಅವಮಾನವಾಗುತ್ತದೆ. ಅದನ್ನು ಹೇಳಲು ಹೋದರೆ, "ನಿನ್ನ ನಡಿಗೆ ಚೆನ್ನಾಗಿದೆ" ಅನ್ನುವ ಮಾತು ಬರುತ್ತದೆ.

ಅತ್ತ ವೃಷಭನ ಕಥೆ ಬೇರೆಯಾಯಿತು. ಸಹಿ ಹಾಕಿದ ಮೂರನೇ ದಿನ ಹೊಸ ನೀರಿನ ಟ್ಯಾಂಕಿನ ಉದ್ಘಾಟನೆ. ದೊಡ್ಡ ದೊಡ್ಡವರೆಲ್ಲ ಬಂದಿದ್ದರು. ವೃಷಭ ಹೊಸ ಟವಲು ಹೆಗಲಿಗೆ ಹಾಕಿಕೊಂಡು, ಅದನ್ನು ಮಡಿಸಲು ಹೋಗಿ, ಕೈ ಬರದೆ ಮುದ್ದೆ ಮಾಡಿ ಕೆಳಗಿಟ್ಟ. ಎರಡು ಸಲ ಚಪ್ಪಾಳೆ ತಟ್ಟಿ ಮೈಕು ಹಿಡಿದ. ಎದುರಿಗಿದ್ದ ಮುಖಗಳನ್ನು ಒಂದೊಂದಾಗಿ ನೋಡಿದ.

"ಈ ಟ್ಯಾಂಕಿಗೆ ಹಾಕಿರೋದು ಅರ್ಧ ಸಿಮೆಂಟು, ಅರ್ಧ ಬೂದಿ," ಅಂದ. "ಕಟ್ಟಿಸಿದೋನು ನನ್ನ ಬಾಮೈದ, ಇಲ್ಲೇ ಕೂತಿದಾನೆ. ಇನ್ನರ್ಧ ಸಿಮೆಂಟಲ್ಲಿ ನಮ್ಮನೆ ಮಹಡಿ ಆಗಿದೆ. ಈಗ ನೀರು ಬಿಡ್ತಾರಂತೆ. ಕೆಳಗೆ ನಿಂತಿರೋರು ಸ್ವಲ್ಪ ದೂರ ಹೋಗಿ ತಾಯಂದಿರಾ."

ಜನ ದೂರ ಹೋದರು. ನೀರು ಬಿಟ್ಟರು. ಅವನು ಹೇಳಿದ್ದು ನಿಜ ಅನ್ನುವುದು ಐದೇ ನಿಮಿಷದಲ್ಲಿ ಎಲ್ಲರ ಮೈಮೇಲೆ ಬಿತ್ತು. ಒದ್ದೆಯಾಗಿ ನಿಂತುಕೊಂಡೇ ಅವನು ತನ್ನ ಹಿತ್ತಲಿನ ಮೋಟಾರಿನ ವಿಷಯವನ್ನೂ ಹೇಳಿದ. ಆ ದನಿ, ಆ ಧಾಟಿ, ಕೊನೆಗೆ ತಲೆ ಒಂದು ಕಡೆ ವಾಲಿಸುವುದು, ಎಲ್ಲ ನನ್ನದೇ. ಕೆಳಗಿನ ಬೀದಿಯವರು ಚಪ್ಪಾಳೆ ಹೊಡೆದರು. ಪಕ್ಕದಲ್ಲಿದ್ದ ಮಲ್ಲಾಜಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಅವನನ್ನೇ ನೋಡುತ್ತಿದ್ದಳು. ಹೆಣ್ಣು ನೋಡಲು ಹೋದ ದಿನ ಬಾಗಿಲ ಸಂದಿಯಿಂದ ನನ್ನನ್ನು ಹಾಗೆ ನೋಡಿದ್ದಳು.

ನಿಜ ಹೇಳಿದ್ದಕ್ಕೆ ಶಿಕ್ಷೆ ಯಾರಿಗೆ ಆಗಬೇಕೋ ಅವರಿಗೇ ಆಯಿತು. ವೃಷಭನನ್ನು ಇಳಿಸಿ ಚಂದ್ರಮೌಳಿಯನ್ನು ಅಧ್ಯಕ್ಷನನ್ನಾಗಿ ಮಾಡಿದರು. ಚಂದ್ರಮೌಳಿ ಮಾಡಿದ ಮೊದಲ ಕೆಲಸ, ಕದ್ದು ನೀರು ಎಳೆದ ಆರೋಪದ ಮೇಲೆ ಭಾವನ ಮನೆಯ ನಲ್ಲಿ ಕತ್ತರಿಸಿದ್ದು. ಭಾವನೇ ಒಪ್ಪಿಕೊಂಡ ಮೇಲೆ ಸಾಕ್ಷಿ ಯಾಕೆ? ಎರಡನೇ ಕೆಲಸ, ಆ ಮೋಟಾರನ್ನು ಬಿಚ್ಚಿಸಿ ತನ್ನ ಮನೆಗೆ ಹಾಕಿಸಿಕೊಂಡದ್ದು. ಕತ್ತರಿಸಿದ ನಲ್ಲಿ ಮತ್ತೆ ಬೇಕಾದರೆ ಒಂದು ಹೊಸ ನಿಯಮ ಬಂತು: ಇವರು ನೀರಿನ ವಿಷಯದಲ್ಲಿ ಒಳ್ಳೆಯ ನಡತೆಯವರು ಅಂತ ಕಾಯಂ ನೀರುಗಂಟಿಯಿಂದ ಪತ್ರ ತರಬೇಕು. ಊರಿನಲ್ಲಿ ಕಾಯಂ ನೀರುಗಂಟಿ ಇರುವುದು ಒಬ್ಬನೇ.

ಹೋದ ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ವೃಷಭ ನಮ್ಮ ಮನೆಗೆ ಬಂದ. ಕಾರಿಲ್ಲ. ಕೈಯಲ್ಲಿ ಮಡಿಸಿದ ಕಾಗದ. ಕಾಯಂ ಆದ ಮೇಲೆ ನಾನೂ ಮನೆ ಮುಂದೆ ಒಂದು ಬೆಂಚು ಹಾಕಿಸಿದ್ದೆ. ಸಹಿ ಕೇಳಲು ಬರುವವರಿಗೆ ಬೇಕಾಗುತ್ತದಲ್ಲ. ಎರಡು ಸಲ ಚಪ್ಪಾಳೆ ತಟ್ಟಿ ಅದರ ಮೇಲೆ ಕೂತ.

"ಸೋಮ, ಮನೇಲಿ ಕುಡಿಯೋಕೂ ನೀರಿಲ್ಲ ಕಣೋ. ಒಂದು ಸಹಿ ಹಾಕು," ಅಂದ.

ಕಾಗದ ಇಸಕೊಂಡು ಒಳಗೆ ಬಂದೆ. ಮೇಜಿನ ಮೇಲೆ ಹರಡಿದೆ. ಪೆನ್ನು ತೆಗೆದೆ. ಮಲ್ಲಾಜಮ್ಮ ಅಡುಗೆಮನೆಯಿಂದ ಬಂದು ಬಾಗಿಲಲ್ಲಿ ನಿಂತಳು.

"ಹಾಕಿ," ಅಂದಳು. "ಅವರಲ್ಲಿರೋದು ನೂರಾ ಮೂವತ್ತೆಂಟು. ಬಂದ್ರೆ ನಿಮ್ಮದೇ ನಿಮಗೆ ವಾಪಸ್ ಬರ್ಬೋದು. ಬರ್ದಿದ್ರೆ ಚಪ್ಪಾಳೆ ತಟ್ಕೊಂಡಿರಿ, ನಾನು ಸಹಿಸ್ಕೋತೀನಿ."

ನಿಜ, ನೂರಾ ಮೂವತ್ತೆಂಟರಲ್ಲಿ ಒಂದು. ದನದ ಡಾಕ್ಟರ ಚಪ್ಪಾಳೆಯೋ, ಟೈಲರಿನ ಕಾಲರೋ ಬರುವುದೇ ಹೆಚ್ಚು. ಆದರೆ ಅದೇ ಬಂದರೆ? ಮೂರು ತಿಂಗಳಿನಿಂದ ನುಂಗಿದ್ದೆಲ್ಲ ಒಂದೇ ಬೆಳಿಗ್ಗೆ ಹೊರಗೆ ಬರುತ್ತದೆ. ಮೊದಲು ಚಂದ್ರಮೌಳಿಯ ಮನೆ ಬಾಗಿಲಿಗೇ ಹೋಗಬೇಕಾಗುತ್ತದೆ. ಅವನು ಭಾವನ ನಲ್ಲಿಯನ್ನೇ ಕತ್ತರಿಸಿದವನು, ನನ್ನನ್ನು ಬಿಡುತ್ತಾನೆಯೇ? ನಾನು ಕಿಟಕಿಯಿಂದ ಬೆಂಚಿನ ಕಡೆ ನೋಡಿದೆ. ವೃಷಭ ಕೈಕಾಲು ಒತ್ತಿ ಹಿಡಿದು, ಅಲ್ಲಾಡದೆ ಕೂತಿದ್ದ. ಅವನು ಕಾಲು ಅಲ್ಲಾಡಿಸುತ್ತಾನೆಯೇ, ಕೆಮ್ಮುತ್ತಾನೆಯೇ ಅಂತ ನಾನು ಗಮನಿಸುತ್ತಿದ್ದೇನೆ ಅನ್ನುವುದು ಸ್ವಲ್ಪ ಹೊತ್ತಾದ ಮೇಲೆ ನನಗೆ ತಿಳಿಯಿತು. ನಾಚಿಕೆಯಾಯಿತು. ಆದರೂ ಪೆನ್ನಿನ ಮುಚ್ಚಳ ಹಾಕಿದೆ.

ಹೊರಗೆ ಹೋಗಿ ಕಾಗದ ಹಿಂದಕ್ಕೆ ಕೊಟ್ಟೆ. "ನಿಮಗಲ್ಲದೆ ಇನ್ಯಾರಿಗೆ ಮಾಡ್ಲಿ? ಪೆನ್ನಲ್ಲಿ ಇಂಕು ಮುಗಿದಿದೆ ನೋಡಿ. ನಾಳೆ ಬನ್ನಿ, ನೋಡೋಣ," ಅಂದೆ. ನಲವತ್ತು ವರ್ಷದ ಸ್ನೇಹಿತನಿಗೆ ಬಹುವಚನ ಹೇಗೆ ಬಂತೋ ಗೊತ್ತಿಲ್ಲ.

ವೃಷಭ ನನ್ನ ಮುಖ ನೋಡಿದ. ತಲೆ ಒಂದು ಕಡೆ ವಾಲಿಸಿದ. "ಸೋಮ, ಇಂಕು ಮುಗಿದಿಲ್ಲ. ನಿಂಗೆ ಹೆದರಿಕೆ. ನಿನ್ನ ಹೆಂಡ್ತಿ ಬೇಡಿ ನೀರು ಹೊರ್ತಾಳೆ, ನೀನು ಅವರ ಮನೇಲೇ ಕಾಫಿ ಕುಡೀತೀಯ," ಅಂದ. ನನ್ನ ಬಾಯಿಯಿಂದ ನಾನೇ ಬೈಸಿಕೊಂಡ ಹಾಗಾಯಿತು. ಏನಾದರೂ ಉತ್ತರ ಕೊಡಬೇಕು ಅನ್ನಿಸಿತು. "ನಿಮ್ಮ ಆರೋಗ್ಯ ನೋಡ್ಕೊಳ್ಳಿ," ಅಂದೆ.

ಅವನು ಎದ್ದು ಹೋಗಲಿಲ್ಲ. ನಾಳೆಯ ತನಕ ಇಲ್ಲೇ ಕೂರುತ್ತೇನೆ ಅಂದ. ಮಲ್ಲಾಜಮ್ಮ ಬೆಳಿಗ್ಗೆ ಮೇಲಿನ ಬೀದಿಯಿಂದ ಹೊತ್ತು ತಂದ ಕೊಡದಿಂದ ಒಂದು ಚೊಂಬು ನೀರು ತುಂಬಿಕೊಂಡು ಹೋಗಿ ಅವನಿಗೆ ಕೊಟ್ಟಳು. ಒಂದು ತಟ್ಟೆಯಲ್ಲಿ ಉಪ್ಪಿಟ್ಟನ್ನೂ ಇಟ್ಟಳು. "ತಿಂದು ನೋಡಿ ಅಣ್ಣ, ಹೇಗಿದೆ ಹೇಳಿ," ಅಂದಳು. ಅವನು ಮೊದಲು ಮೂಸಿದ, ಆಮೇಲೆ ತಿಂದ.

"ರವೆ ಹುರಿದಿದ್ದು ಸಾಲದು ಕಣಮ್ಮ. ಒಗ್ಗರಣೆ ಸೀದಿದೆ," ಅಂದ.

ಅವಳು ನಕ್ಕಳು. ಬೀದಿಯಲ್ಲಿ ಹೋಗುವವರು ತಿರುಗಿ ನೋಡುವಷ್ಟು ಜೋರಾಗಿ ನಕ್ಕಳು. ಬೆಂಚಿನ ಇನ್ನೊಂದು ತುದಿಯಲ್ಲಿ ಕೂತು, "ಇನ್ನೂ ಹೇಳಿ ಅಣ್ಣ," ಅಂದಳು. ಆ ನಗುವನ್ನು ನಾನು ಮೂರು ತಿಂಗಳಿನಿಂದ ಕೇಳಿರಲಿಲ್ಲ. ಒಳಗೆ ಬಂದು ಕೂತೆ. ಮುಖ ಒರೆಸಿಕೊಂಡೆ. ಟವಲನ್ನು ಕೊಡವಿ, ಅಂಚಿಗೆ ಅಂಚು ಸೇರಿಸಿ, ನಾಲ್ಕಾಗಿ ಮಡಿಸಿ ಎಡ ಹೆಗಲಿಗೆ ಹಾಕಿಕೊಂಡೆ.